ಹಾಡಿದವರ ಹೆಸರು, ಬರೆದವರ ಹಕ್ಕು: ವಿಶ್ವವಿದ್ಯಾಲಯ ಮತ್ತು ಕೃತಿಸ್ವಾಮ್ಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಶಾಲಾ ಶಿಕ್ಷಣದ ಲೆಕ್ಕದಲ್ಲಿ ಇವೇ ನಾಲ್ಕು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಪದವಿ ಶಿಕ್ಷಣಕ್ಕೆ ಬಂದರೆ ಇಲ್ಲಿನ ಕಾಲೇಜುಗಳು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಪಠ್ಯಪುಸ್ತಕಕ್ಕೆಂದು ಬರೆಸಿದ ಪಾಠ, ಸ್ನಾತಕೋತ್ತರ ವಿದ್ಯಾರ್ಥಿಯ ಸಂಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧ, ಪ್ರಶ್ನೆಪತ್ರಿಕೆ, ವಿಚಾರ ಸಂಕಿರಣದ ಸಂಪುಟ, ಹಟ್ಟಿಗಳಲ್ಲಿ ಮಾಡಿಕೊಂಡ ಧ್ವನಿಮುದ್ರಣ ಹೀಗೆ ಒಂದು ವಿಶ್ವವಿದ್ಯಾಲಯದ ಆಶ್ರಯದಲ್ಲಿ ಹುಟ್ಟುವ ಬರವಣಿಗೆ ಮತ್ತು ದಾಖಲೆ ಬಹಳ ಬಗೆಯದು. ಇವುಗಳಲ್ಲಿ ಯಾವುದರ ಒಡೆತನ ಯಾರದು ಎಂಬ ಪ್ರಶ್ನೆ ಸಾಮಾನ್ಯವಾಗಿ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿನಲ್ಲಿ, ಇಲ್ಲವೇ ಜಗಳ ಹುಟ್ಟಿದ ಮೇಲೆ ಏಳುತ್ತದೆ. ಆಗ ಎಲ್ಲರೂ ನೋಂದಣಿಯ ಕಡೆ ನೋಡುತ್ತಾರೆ. ನೋಂದಣಿ ಈ ಸರಣಿಯ ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ, ಬರವಣಿಗೆಗೂ ಧ್ವನಿಮುದ್ರಣಕ್ಕೂ ಮುನ್ನ ಮಾಡಿಕೊಳ್ಳಬೇಕಾದ ಲಿಖಿತ ಒಪ್ಪಂದವೇ ಮೊದಲನೆಯದು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಭಾರತದಲ್ಲಿ ಈ ವಿಷಯವನ್ನು ಆಳುವ ಕಾನೂನು 1957ರ ಕೃತಿಸ್ವಾಮ್ಯ ಅಧಿನಿಯಮ. ಅದು 1958ರ ಜನವರಿ 21ರಂದು ಜಾರಿಗೆ ಬಂದಿತು. ಮುಂದೆ ಹಲವು ಬಾರಿ, ಮುಖ್ಯವಾಗಿ 1994ರಲ್ಲಿ ಮತ್ತು 2012ರಲ್ಲಿ ತಿದ್ದುಪಡಿಯಾಯಿತು. ಕೃತಿಸ್ವಾಮ್ಯವೆಂದರೆ ಒಂದು ಕೃತಿಯನ್ನು ಪ್ರತಿ ಮಾಡುವ, ಪ್ರಕಟಿಸುವ, ಸಾರ್ವಜನಿಕವಾಗಿ ಪ್ರದರ್ಶಿಸುವ, ಅನುವಾದಿಸುವ ಮತ್ತು ರೂಪಾಂತರಿಸುವ ಹಕ್ಕುಗಳ ಸಮೂಹ. ಕೃತಿ ರಚನೆಯಾದ ಗಳಿಗೆಯಲ್ಲೇ ಈ ಹಕ್ಕು ಹುಟ್ಟುತ್ತದೆ. ಅದಕ್ಕೆ ಅರ್ಜಿ, ಶುಲ್ಕ, ಮುದ್ರೆ ಯಾವುದೂ ಬೇಕಿಲ್ಲ. ಕಾನೂನು ಕಾಪಾಡುವುದು ಅಭಿವ್ಯಕ್ತಿಯನ್ನು, ವಿಚಾರವನ್ನಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿಗೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳಿಗೂ ಉಳಿಯುತ್ತದೆ. 1975ರಲ್ಲಿ ತೀರಿಕೊಂಡ ಡಿ.ವಿ. ಗುಂಡಪ್ಪನವರ ಬರಹಗಳು 2035ರ ಡಿಸೆಂಬರ್ 31ರವರೆಗೆ ಈ ಹಕ್ಕಿಗೆ ಒಳಪಟ್ಟಿರುತ್ತವೆ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನಾದರೋ ಇಂದು ಯಾರು ಬೇಕಾದರೂ ಮರುಮುದ್ರಿಸಬಹುದು. ರೈಸ್ 1927ರಲ್ಲೇ ತೀರಿಕೊಂಡಿದ್ದರಿಂದ ಅದರ ಅವಧಿ ಮುಗಿದು ದಶಕಗಳಾಗಿವೆ.

ಕೃತಿಯ ಮೊದಲ ಒಡೆಯರು ಯಾರು ಎಂಬುದನ್ನು ಅಧಿನಿಯಮದ 17ನೆಯ ಕಲಂ ಹೇಳುತ್ತದೆ. ಲೇಖಕರೇ ಮೊದಲ ಒಡೆಯರು ಎಂಬುದು ಸಾಮಾನ್ಯ ನಿಯಮ. ಇದಕ್ಕಿರುವ ಅಪವಾದಗಳಲ್ಲಿ ವಿಶ್ವವಿದ್ಯಾಲಯಕ್ಕೆ ಮುಖ್ಯವಾದದ್ದು ಸೇವಾ ಒಪ್ಪಂದದ ಅಡಿಯಲ್ಲಿ, ಉದ್ಯೋಗದ ಭಾಗವಾಗಿ ರಚಿಸಿದ ಕೃತಿ. ಬೇರೆ ಒಪ್ಪಂದವಿಲ್ಲದಿದ್ದರೆ ಅದರ ಹಕ್ಕು ಉದ್ಯೋಗದಾತರಿಗೆ ಸೇರುತ್ತದೆ. ಸಂಬಳ ಪಡೆಯುವವರು ಬರೆದದ್ದೆಲ್ಲ ಸಂಸ್ಥೆಯದು ಎಂದು ಇದರ ಅರ್ಥವಲ್ಲ. ಆ ಬರವಣಿಗೆ ಅವರ ಕರ್ತವ್ಯದ ಭಾಗವಾಗಿರಬೇಕು. ಇಂಗ್ಲೆಂಡಿನ ನ್ಯಾಯಾಲಯವೊಂದು 1952ರಲ್ಲಿ, ಸಂಸ್ಥೆಯೊಂದರ ನೌಕರ ಕೊಟ್ಟ ಉಪನ್ಯಾಸಗಳು ಆತನಿಗೇ ಸೇರಿದವು ಎಂದು ತೀರ್ಮಾನಿಸಿದಾಗ ಅನುಸರಿಸಿದ್ದು ಇದೇ ತರ್ಕವನ್ನು. ಶಿರಾದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರೊಬ್ಬರು ರಜೆಯಲ್ಲಿ ಬರೆದ ಕಥಾಸಂಕಲನಕ್ಕೂ ಅವರ ಉದ್ಯೋಗಕ್ಕೂ ಸಂಬಂಧವಿಲ್ಲ. ಅದೇ ಅಧ್ಯಾಪಕರು ವಿಶ್ವವಿದ್ಯಾಲಯದ ಪಠ್ಯಪುಸ್ತಕ ಸಮಿತಿಗಾಗಿ ಒಂದು ಪಾಠ ಬರೆದುಕೊಟ್ಟರೆ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಏಕೆಂದರೆ ಅವರಿಗೆ ಸಂಬಳ ಕೊಡುವುದು ರಾಜ್ಯ ಸರ್ಕಾರದ ಕಾಲೇಜು ಶಿಕ್ಷಣ ಇಲಾಖೆಯೇ ಹೊರತು ವಿಶ್ವವಿದ್ಯಾಲಯವಲ್ಲ. ಆದ್ದರಿಂದ ಉದ್ಯೋಗದಾತನೆಂಬ ನೆಲೆಯಲ್ಲಿ ವಿಶ್ವವಿದ್ಯಾಲಯ ಆ ಪಾಠದ ಮೇಲೆ ಹಕ್ಕು ಹೇಳಲಾರದು. ಕೆಲಸದ ಅವಧಿಗಷ್ಟೇ ಗೌರವಧನ ಪಡೆಯುವ ಅತಿಥಿ ಉಪನ್ಯಾಸಕರ ವಿಷಯದಲ್ಲಿ ಇದು ಇನ್ನೂ ದೂರದ ಮಾತು.

ಪ್ರಶ್ನೆಪತ್ರಿಕೆಯ ಬಗ್ಗೆಯೂ ಇಂಥದೇ ತೀರ್ಪು ಇದೆ. ಲಂಡನ್ ವಿಶ್ವವಿದ್ಯಾಲಯಕ್ಕಾಗಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದ ಪರೀಕ್ಷಕರು ಅದರ ನೌಕರರಲ್ಲವಾದ್ದರಿಂದ ಹಕ್ಕು ಮೊದಲು ಅವರಲ್ಲೇ ಹುಟ್ಟಿತು ಎಂದು 1916ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಪರೀಕ್ಷಕರ ನೇಮಕಾತಿ ಪತ್ರದಲ್ಲೇ ಹಕ್ಕಿನ ವರ್ಗಾವಣೆಯ ಒಂದು ವಾಕ್ಯ ಸೇರಿಸಿ ಸಹಿ ಪಡೆದರೆ ಈ ತೊಡಕು ಉಳಿಯುವುದಿಲ್ಲ.

ಉದ್ಯೋಗದ ನೆಲೆಯಲ್ಲಿ ಇಷ್ಟು ಸೀಮಿತವಾಗಿ ಕಾಣುವ ವಿಶ್ವವಿದ್ಯಾಲಯದ ಹಕ್ಕು ಅದೇ 17ನೆಯ ಕಲಮಿನ ಇನ್ನೊಂದು ಉಪಬಂಧದಲ್ಲಿ ಬಹಳ ವಿಸ್ತಾರವಾಗುತ್ತದೆ. ಲೇಖಕರು ಇದನ್ನು ಗಮನಿಸುವುದು ಕಡಿಮೆ. ಸಾರ್ವಜನಿಕ ಉದ್ಯಮವೊಂದು ರಚಿಸಿದ, ಅಥವಾ ಅದರ ನಿರ್ದೇಶನ ಇಲ್ಲವೇ ನಿಯಂತ್ರಣದಲ್ಲಿ ರಚನೆಯಾದ ಅಥವಾ ಮೊದಲು ಪ್ರಕಟವಾದ ಕೃತಿಗೆ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಆ ಉದ್ಯಮವೇ ಮೊದಲ ಒಡೆಯ ಎನ್ನುತ್ತದೆ ಈ ಉಪಬಂಧ. ರಾಜ್ಯದ ಕಾಯ್ದೆಯ ಮೂಲಕ ಸ್ಥಾಪನೆಯಾದ ನಿಗಮ ಸ್ವರೂಪದ ಸಂಸ್ಥೆಯೂ ಸಾರ್ವಜನಿಕ ಉದ್ಯಮವೇ ಎಂದು ಅದರ ವಿವರಣೆ ಹೇಳುತ್ತದೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಅಡಿಯಲ್ಲಿ ನಡೆಯುವ ವಿಶ್ವವಿದ್ಯಾಲಯ ಈ ಮಾತಿನ ವ್ಯಾಪ್ತಿಗೆ ಬರುತ್ತದೆ. ಹಾಗಾದರೆ ಪಾವಗಡದ ಲೇಖಕರೊಬ್ಬರು ಹತ್ತಾರು ವರ್ಷ ದುಡಿದು ಸಿದ್ಧಪಡಿಸಿದ ಗ್ರಂಥವನ್ನು ಯಾವ ಪತ್ರಕ್ಕೂ ಸಹಿ ಮಾಡದೆ, ಮಾಡಿಸಿಕೊಳ್ಳದೆ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮೂಲಕ ಮೊದಲ ಬಾರಿಗೆ ಪ್ರಕಟಿಸಿದರೆ, ಅದರ ಒಡೆತನ ತನ್ನದೆಂದು ವಿಶ್ವವಿದ್ಯಾಲಯ ವಾದಿಸಲು ಕಾನೂನಿನಲ್ಲಿ ಆಧಾರ ಸಿಗುತ್ತದೆ. ಅಷ್ಟೇ ಅಲ್ಲ, ಅಂಥ ಕೃತಿಯ 60 ವರ್ಷಗಳ ಅವಧಿ ಲೇಖಕರ ಮರಣದಿಂದಲ್ಲ, ಪ್ರಕಟಣೆಯಿಂದ ಎಣಿಕೆಯಾಗುತ್ತದೆ. ಇದು ನ್ಯಾಯವಾದ ಸ್ಥಿತಿಯಲ್ಲ. ಮುದ್ರಣದ ಖರ್ಚು ಹಾಕಿದ ಸಂಸ್ಥೆಗೆ ಆ ಆವೃತ್ತಿಯ ಹಕ್ಕು ಸಲ್ಲಬೇಕು, ಕೃತಿಯ ಒಡೆತನವಲ್ಲ. ಕಾನೂನೇ ವ್ಯತಿರಿಕ್ತ ಒಪ್ಪಂದಕ್ಕೆ ಜಾಗ ಬಿಟ್ಟಿರುವುದರಿಂದ, ಹಕ್ಕು ಲೇಖಕರಲ್ಲೇ ಉಳಿಯುತ್ತದೆಂದೂ ವಿಶ್ವವಿದ್ಯಾಲಯಕ್ಕೆ ಇಷ್ಟು ವರ್ಷಗಳ ಪ್ರಕಟಣೆಯ ಪರವಾನಗಿ ಮಾತ್ರ ಇದೆಯೆಂದೂ ಒಂದು ಪುಟದಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡುವುದು ಕಷ್ಟದ ಕೆಲಸವಲ್ಲ.

ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ವರ್ಗಾಯಿಸುವಾಗ ಪಾಲಿಸಬೇಕಾದ ಕ್ರಮವನ್ನು 19ನೆಯ ಕಲಂ ವಿಧಿಸುತ್ತದೆ. ವರ್ಗಾವಣೆ ಬರವಣಿಗೆಯಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು, ಕೃತಿ ಯಾವುದು, ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ತಿಳಿಯಬೇಕು. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಬೇರೆ ರೀತಿ ಬರೆದುಕೊಂಡಿರದ ಹೊರತು, ಅದು ಬಿದ್ದುಹೋಗುತ್ತದೆ. ಪುಸ್ತಕದ ಎರಡನೆಯ ಪುಟದಲ್ಲಿ ಹಕ್ಕುಗಳೆಲ್ಲ ಪ್ರಕಾಶಕರವು ಎಂದು ಅಚ್ಚುಹಾಕಿದ ಮಾತ್ರಕ್ಕೆ ಲೇಖಕರು ಹಕ್ಕು ವರ್ಗಾಯಿಸಿದಂತಾಗುವುದಿಲ್ಲ.

ಸಂಸ್ಥೆ ಮತ್ತು ಸೃಷ್ಟಿಕರ್ತರ ನಡುವಣ ಒಡೆತನದ ವಿವಾದಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ನಿದರ್ಶನವಿದೆ. ಶಿವರಾಮ ಕಾರಂತರು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿ ಯಕ್ಷಗಾನಕ್ಕೆ ಹೊಸ ಬ್ಯಾಲೆ ರೂಪ ಕೊಟ್ಟು, ಭೀಷ್ಮ ವಿಜಯ, ನಳ ದಮಯಂತಿ, ಅಭಿಮನ್ಯು ವಧೆ, ಪಂಚವಟಿ ಮೊದಲಾದ ಏಳು ಪ್ರಸಂಗಗಳನ್ನು ರಂಗಕ್ಕೆ ಅಳವಡಿಸಿದರು. 1994ರ ಉಯಿಲಿನ ಮೂಲಕ ಅವರು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟು 1997ರಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಅಭಿಮನ್ಯು ವಧೆ ಅನುಮತಿಯಿಲ್ಲದೆ ಪ್ರದರ್ಶನವಾದಾಗ, ಕೇಂದ್ರವನ್ನು ನಡೆಸುತ್ತಿದ್ದ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ಮಲ್ಯ ಅವರು ದಾವೆ ಹೂಡಿದರು. ನಿರ್ದೇಶಕ ಹುದ್ದೆ, ಕೇಂದ್ರದ ಕಲಾವಿದರು, ಸಂಸ್ಥೆಯ ಹಣ ಇವೆಲ್ಲ ಇದ್ದರೂ ಆ ರೂಪದ ಮೇಲಿನ ಹಕ್ಕು ಕಾರಂತರದೇ ಎಂಬ ನಿಲುವು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲೂ ಹೈಕೋರ್ಟಿನಲ್ಲೂ ನಿಂತಿತು. ಸರ್ವೋಚ್ಚ ನ್ಯಾಯಾಲಯ 2009ರ ಜನವರಿ 23ರ ತೀರ್ಪಿನಲ್ಲಿ ಅದನ್ನು ಅಲುಗಿಸಲಿಲ್ಲ. ಆದರೆ ಶಿಕ್ಷಣ ಸಂಸ್ಥೆಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿಯೊಳಗೆ ನಡೆಯುವ ಪ್ರದರ್ಶನಗಳಿಗೂ, ಹವ್ಯಾಸಿ ಸಂಘವಾಗಿ ಹಣ ಪಡೆಯದೆ ಪ್ರೇಕ್ಷಕರ ಮುಂದೆ ನಡೆಸುವ ಪ್ರದರ್ಶನಕ್ಕೂ ಕೆಳಗಿನ ನ್ಯಾಯಾಲಯಗಳಲ್ಲಿ ಮಲ್ಯ ಅವರಿಗೆ ಸಿಕ್ಕಿದ್ದ ತಡೆಯಾಜ್ಞೆ ಅನ್ವಯಿಸದು ಎಂದು ಸೇರಿಸಿತು. ಮೂಡಲಪಾಯ ಯಕ್ಷಗಾನದ ಮೇಳಗಳಿರುವ ತುಮಕೂರು ಸೀಮೆಯ ಕಾಲೇಜುಗಳಿಗೆ ಈ ತೀರ್ಪು ಹತ್ತಿರದ್ದು. ಪರಂಪರೆಯ ಪ್ರಸಂಗ ಎಲ್ಲರದು. ಒಬ್ಬ ನಿರ್ದೇಶಕ ಅದಕ್ಕೆ ಕೊಟ್ಟ ಹೊಸ ರಂಗರೂಪ ಆತನದು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಅದನ್ನು ಆಡುವುದಕ್ಕೆ ಅಡ್ಡಿಯಿಲ್ಲ, ಟಿಕೆಟ್ ಇಟ್ಟು ಊರೂರಿಗೆ ಒಯ್ಯುವುದಕ್ಕೆ ಅನುಮತಿ ಬೇಕು.

ಪಿಎಚ್.ಡಿ. ವಿದ್ಯಾರ್ಥಿ ವಿಶ್ವವಿದ್ಯಾಲಯದ ನೌಕರನಲ್ಲ, ಶಿಷ್ಯವೇತನ ಸಂಬಳವಲ್ಲ. ಆದ್ದರಿಂದ ಮಹಾಪ್ರಬಂಧದ ಹಕ್ಕು ವಿದ್ಯಾರ್ಥಿಯದೇ. ವಿಷಯ ಸೂಚಿಸಿ, ಕರಡು ತಿದ್ದಿದ ಮಾರ್ಗದರ್ಶಕರಿಗೆ ಗೌರವ ಸಲ್ಲುತ್ತದೆ, ಸಹಲೇಖಕತ್ವ ಸಲ್ಲುವುದಿಲ್ಲ. ಬರವಣಿಗೆಯಲ್ಲೇ ಬೇರ್ಪಡಿಸಲಾಗದಂತೆ ಇಬ್ಬರ ಕೊಡುಗೆ ಬೆರೆತಿದ್ದರಷ್ಟೇ ಕಾನೂನು ಜಂಟಿ ಕರ್ತೃತ್ವವನ್ನು ಒಪ್ಪುತ್ತದೆ. ಶೋಧಗಂಗಾ ಭಂಡಾರಕ್ಕೆ ಪ್ರಬಂಧದ ವಿದ್ಯುನ್ಮಾನ ಪ್ರತಿ ಒಪ್ಪಿಸಿದರೆ ಓದುಗರಿಗೆ ಅದು ಲಭ್ಯವಾಗುತ್ತದೆ ಅಷ್ಟೆ, ಒಡೆತನ ಕೈಬದಲಾಗುವುದಿಲ್ಲ. ಹಕ್ಕು ಹೋಯಿತೆಂಬ ಭಯದಿಂದ ಪ್ರಬಂಧವನ್ನು ಪುಸ್ತಕ ಮಾಡದೆ ಸುಮ್ಮನಾಗುವ ಸಂಶೋಧಕರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಭಾಷಾ ಪಠ್ಯಪುಸ್ತಕಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಬೋಧನೆಗಾಗಿ ಆಯ್ದ ಭಾಗಗಳನ್ನು ಯಾರ ಅನುಮತಿಯೂ ಇಲ್ಲದೆ ಸೇರಿಸಬಹುದು ಎಂಬ ನಂಬಿಕೆಗೆ 52ನೆಯ ಕಲಮಿನ ವಿನಾಯಿತಿಯೇ ಮೂಲ. ಆದರೆ ಆ ವಿನಾಯಿತಿ ಸಿಗುವುದು ಬಹುಪಾಲು ಹಕ್ಕಿನ ಅವಧಿ ಮುಗಿದ ಸಾಮಗ್ರಿಯಿಂದಲೇ ಕೂಡಿದ ಸಂಕಲನಕ್ಕೆ. ಅದರಲ್ಲೂ ಚಿಕ್ಕ ಭಾಗಗಳಿಗೆ ಮಾತ್ರ, ಒಬ್ಬ ಲೇಖಕನಿಂದ ಐದು ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚಿಲ್ಲದಂತೆ. ಪಂಪ, ರನ್ನ, ವಚನಕಾರರು, ಹರಿಹರ, ಕುಮಾರವ್ಯಾಸರೇ ತುಂಬಿದ ಪಠ್ಯದ ಕೊನೆಯಲ್ಲಿ ಒಂದೆರಡು ಹೊಸಗನ್ನಡ ತುಣುಕುಗಳಿದ್ದರೆ ವಿನಾಯಿತಿ ನಿಲ್ಲುತ್ತದೆ; ನವೋದಯದಿಂದ ಇತ್ತೀಚಿನವರೆಗಿನ ಕಥೆ, ಕವಿತೆ, ಪ್ರಬಂಧಗಳೇ ತುಂಬಿದ ಪಠ್ಯಕ್ಕೆ ಅದು ನಿಲ್ಲುವುದಿಲ್ಲ, ಬರೆದವರ ಇಲ್ಲವೇ ವಾರಸುದಾರರ ಅನುಮತಿ ಬೇಕೇಬೇಕು. ಅಧ್ಯಾಪಕರು ತರಗತಿಗಾಗಿ ಪ್ರತಿ ತೆಗೆಸಿ ಹಂಚುವುದು ಇದಕ್ಕಿಂತ ಭಿನ್ನ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಬೋಧನೆಯ ಅಗತ್ಯಕ್ಕೆ ಮಾಡುವ ಪ್ರತಿಗಳ ಪರವಾಗಿ ನಿಂತಿತು. ಹಳ್ಳಿಗಾಡಿನ ವಿದ್ಯಾರ್ಥಿಗಳ ಪಾಲಿಗೆ ಇದು ಬಹುದೊಡ್ಡ ಆಸರೆ.

ಗಡಿಯ ಪಾವಗಡದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಅಲ್ಲಿನ ವಿದ್ಯಾರ್ಥಿಗಳಿಗೆ ಅನುವಾದ ಸಹಜವಾಗಿ ಒಲಿಯುವ ಕೆಲಸ. ಮೂಲ ಲೇಖಕರ ಅನುಮತಿ ಇದ್ದರೆ ಅನುವಾದಕ್ಕೆ ಅದರದೇ ಹಕ್ಕು ಹುಟ್ಟುತ್ತದೆ ಎಂಬುದನ್ನು ಅವರಿಗೆ ಕಲಿಸಬೇಕು.

ಈ ಸೀಮೆಯ ಅತ್ಯಂತ ಶ್ರೀಮಂತ ಸಾಹಿತ್ಯ ಮಾತ್ರ ಬರೆದವರ ಹೆಸರೇ ಇಲ್ಲದ್ದು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಪುಣ್ಯಕ್ಷೇತ್ರ. ಪಶುಪಾಲಕ ವೀರನಾದ ಜುಂಜಪ್ಪನ ಕಥೆಯನ್ನು ಉದ್ದನೆಯ ಬಿದಿರಿನ ಕೊಳಲಾದ ಗಣೆಯ ನಾದದೊಂದಿಗೆ ಹಾಡುವವರು ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ಬಂದಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಂಥ ಬುಡಕಟ್ಟು ಮಹಾಕಾವ್ಯಗಳನ್ನು ಗ್ರಂಥರೂಪಕ್ಕೆ ತಂದು ನಾಡಿಗೆ ಉಪಕಾರ ಮಾಡಿದೆ. ಆದರೆ ಹಾಡಿನ ಒಡೆತನದ ಪ್ರಶ್ನೆಗೆ ಕೃತಿಸ್ವಾಮ್ಯ ಕಾನೂನಿನಲ್ಲಿ ನೇರ ಉತ್ತರವಿಲ್ಲ, ಏಕೆಂದರೆ ಅದು ಒಬ್ಬ ಗೊತ್ತಾದ ಕರ್ತೃವನ್ನೂ ಒಂದು ರಚನಾಕಾಲವನ್ನೂ ಕೇಳುತ್ತದೆ, ಸಮುದಾಯವನ್ನು ಕರ್ತೃವೆಂದು ಗುರುತಿಸುವುದಿಲ್ಲ. ಯುನೆಸ್ಕೋ ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಸೇರಿ 1982ರಲ್ಲೇ ಜನಪದ ಅಭಿವ್ಯಕ್ತಿಗಳ ರಕ್ಷಣೆಗೆ ಮಾದರಿ ನಿಯಮಗಳನ್ನು ರೂಪಿಸಿದವು. ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನು ಬಂದಿಲ್ಲ.

ಆದರೂ ಹಾಡಿದವರು ಬರಿಗೈಯಲ್ಲಿ ನಿಂತಿಲ್ಲ. 1994ರ ತಿದ್ದುಪಡಿಯಿಂದ ಕಾನೂನಿಗೆ ಸೇರಿ 2012ರಲ್ಲಿ ಬಲಗೊಂಡ ಪ್ರದರ್ಶಕರ ಹಕ್ಕು ಗಾಯಕರಿಗೂ ವಾದ್ಯಗಾರರಿಗೂ ಸಲ್ಲುತ್ತದೆ. ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ ಇದು ಇರುತ್ತದೆ. ಪ್ರದರ್ಶಕರೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕೂ ಇದರ ಜೊತೆಗಿದೆ. ಪ್ರಾಮಾಣಿಕ ಬೋಧನೆ ಇಲ್ಲವೇ ಸಂಶೋಧನೆಗೆಂದು ಮಾತ್ರ ಮಾಡಿಕೊಳ್ಳುವ ಧ್ವನಿಮುದ್ರಣ ಈ ಹಕ್ಕಿನ ಉಲ್ಲಂಘನೆಯಲ್ಲ ಎಂದು 39ನೆಯ ಕಲಂ ಸಂಶೋಧಕರಿಗೆ ದಾರಿ ಬಿಟ್ಟಿದೆ. ಅದೇ ಮುದ್ರಿಕೆಯನ್ನು ಜಾಹೀರಾತು ಬರುವ ಯೂಟ್ಯೂಬ್ ವಾಹಿನಿಗೆ ಏರಿಸಿದಾಗ, ಅಥವಾ ಸಿನಿಮಾದವರಿಗೆ ಮಾರಿದಾಗ, ಆ ದಾರಿ ಮುಗಿಯಿತು. ಅಲ್ಲಿಂದ ಮುಂದೆ ಹಾಡಿದವರ ಒಪ್ಪಿಗೆ ಬೇಕು. ಧ್ವನಿಮುದ್ರಣದ ಹಕ್ಕು ಅದರ ಉಪಕ್ರಮ ಮತ್ತು ಹೊಣೆ ಹೊತ್ತ ನಿರ್ಮಾಪಕರಿಗೆ ಸೇರುವುದರಿಂದ, ಮುದ್ರಿಕೆ ವಿಶ್ವವಿದ್ಯಾಲಯದ್ದಾಗಬಹುದು, ವಿದ್ಯಾರ್ಥಿಯದಾಗಬಹುದು. ಹಾಡು ಮಾತ್ರ ಇಬ್ಬರದೂ ಆಗುವುದಿಲ್ಲ.

ನೋಂದಣಿಯ ಅರ್ಜಿಯನ್ನು ಹತ್ತಿರದಿಂದ ನೋಡಿದಾಗ ಈ ತೊಡಕು ಕಣ್ಣಿಗೆ ಕಟ್ಟುತ್ತದೆ. 2013ರ ಕೃತಿಸ್ವಾಮ್ಯ ನಿಯಮಗಳ 14ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ. ದೆಹಲಿಯ ಕೃತಿಸ್ವಾಮ್ಯ ಕಚೇರಿ ಅರ್ಜಿಗೆ ಡೈರಿ ಸಂಖ್ಯೆ ಕೊಟ್ಟು, ಆಕ್ಷೇಪಣೆಗಾಗಿ 30 ದಿನ ಕಾದು, ಪರಿಶೀಲಿಸಿ ನೋಂದಾಯಿಸುತ್ತದೆ. ಅರ್ಜಿದಾರರು ಮತ್ತು ಲೇಖಕರು ಬೇರೆಯಾಗಿದ್ದರೆ ಲೇಖಕರ ನಿರಾಕ್ಷೇಪಣಾ ಪತ್ರ ಬೇಕು. ನಮೂನೆಯ ಹೆಚ್ಚುವರಿ ವಿವರಗಳ ಹಾಳೆಯಲ್ಲಿ, ನೋಂದಾಯಿಸಬೇಕಾದ ಕೃತಿ ಸ್ವತಂತ್ರ ಕೃತಿಯೇ, ಅನುವಾದವೇ, ರೂಪಾಂತರವೇ ಎಂಬ ಪ್ರಶ್ನೆಯಿದೆ. ಹಟ್ಟಿಯ ಮುದುಕಿಯೊಬ್ಬಳಿಂದ ಕೇಳಿ ಬರೆದುಕೊಂಡ ಹಾಡುಗಳ ಸಂಗ್ರಹವನ್ನು ನೋಂದಾಯಿಸುವ ಸಂಪಾದಕರು ಅಲ್ಲಿ ಸ್ವತಂತ್ರ ಕೃತಿ ಎಂದು ತುಂಬಿದರೆ, ಲೇಖಕರ ಹೆಸರಿನ ಅಂಕಣದಲ್ಲಿ ತಮ್ಮ ಹೆಸರನ್ನಷ್ಟೇ ಬರೆದರೆ, ದೆಹಲಿಯ ಕಡತದಲ್ಲಿ ಆ ಮುದುಕಿ ಇಲ್ಲವಾಗುತ್ತಾಳೆ. ಸಂಪಾದಕರಿಗೆ ಸಲ್ಲುವುದು ಪ್ರಸ್ತಾವನೆ, ಟಿಪ್ಪಣಿ, ಪದಕೋಶ ಮತ್ತು ಜೋಡಣೆಯಲ್ಲಿನ ವಿವೇಚನೆಯ ಹಕ್ಕು. ಕೇವಲ ಶ್ರಮ ಸಾಲದು, ಕನಿಷ್ಠ ಸೃಜನಶೀಲತೆಯೂ ಬೇಕೆಂದು ಸರ್ವೋಚ್ಚ ನ್ಯಾಯಾಲಯ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲೂ ಅಷ್ಟನ್ನೇ ಕೇಳಬೇಕು. ನೋಂದಣಿ ಹಕ್ಕನ್ನು ಸೃಷ್ಟಿಸುವುದಿಲ್ಲ. 48ನೆಯ ಕಲಮಿನಂತೆ ನೋಂದಣಿ ಪುಸ್ತಕ ಮೇಲ್ನೋಟದ ಸಾಕ್ಷ್ಯ ಮಾತ್ರ, ಅದನ್ನು ಅಲ್ಲಗಳೆಯಲು ಎದುರಾಳಿಗೆ ಅವಕಾಶವಿದೆ. ಐ.ಎಸ್.ಬಿ.ಎನ್. ಸಂಖ್ಯೆಯಂತೂ ಪುಸ್ತಕದ ಗುರುತಿನ ಸಂಖ್ಯೆಯಷ್ಟೆ, ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಒಡೆತನ ಗೊತ್ತಾದ ಮೇಲೆ ಅದನ್ನು ಹಂಚಿಕೊಳ್ಳುವ ಔದಾರ್ಯಕ್ಕೂ ಕನ್ನಡದಲ್ಲಿ ಮೇಲ್ಪಂಕ್ತಿಯಿದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಬಳಸಬಹುದಾದ ಷರತ್ತಿನಲ್ಲಿ, ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹಕ್ಕು ತನ್ನದೆಂದು ಖಚಿತವಿದ್ದ ಸಂಸ್ಥೆ ಮಾತ್ರ ಹೀಗೆ ಕೊಡಬಲ್ಲದು.

ವಿಶ್ವವಿದ್ಯಾಲಯ ಏರ್ಪಡಿಸುವ ದತ್ತಿ ಉಪನ್ಯಾಸದ ಹಕ್ಕೂ 17ನೆಯ ಕಲಮಿನಲ್ಲಿ ತೀರ್ಮಾನವಾಗಿದೆ: ಸಾರ್ವಜನಿಕ ಭಾಷಣದ ಮೊದಲ ಒಡೆಯರು ಭಾಷಣ ಮಾಡಿದವರೇ, ಅವರು ಅದನ್ನು ಏರ್ಪಡಿಸಿದ ಸಂಸ್ಥೆಯ ನೌಕರರಾಗಿದ್ದರೂ ಸರಿ. ವೇದಿಕೆಯ ಮೇಲೆ ಓದುವ ವಿದ್ವಾಂಸರಿಗೆ ಇಷ್ಟು ಖಚಿತವಾಗಿ ಸಿಕ್ಕಿರುವ ರಕ್ಷಣೆ ಹಟ್ಟಿಯಲ್ಲಿ ರಾತ್ರಿಯಿಡೀ ಹಾಡುವವರಿಗೂ ಸಿಗುವಂತೆ ಮಾಡುವುದು ವಿಶ್ವವಿದ್ಯಾಲಯದ ಕೈಯಲ್ಲೇ ಇದೆ. ಮುಂದಿನ ಶೈಕ್ಷಣಿಕ ವರ್ಷದಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ಪ್ರತಿ ವಿದ್ಯಾರ್ಥಿಯ ಚೀಲದಲ್ಲಿ ಕನ್ನಡದ ಒಂದು ಒಪ್ಪಿಗೆ ಪತ್ರ, ಪಾವಗಡಕ್ಕಾದರೆ ತೆಲುಗಿನದೂ ಒಂದು, ಇರಬೇಕು. ಹಾಡುವವರಿಗೆ ಓದಲು ಬಾರದಿದ್ದರೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮುದ್ರಿಕೆ ಎಲ್ಲಿ ಉಳಿಯುತ್ತದೆ, ಯಾರು ಕೇಳುತ್ತಾರೆ, ಹಣ ಬಂದರೆ ಪಾಲೆಷ್ಟು, ಹೊರಗಿನವರು ಕೇಳಬಾರದ ಪೂಜೆಯ ಹಾಡುಗಳು ಯಾವುವು ಎಂಬುದು ಅದರಲ್ಲಿರಬೇಕು. ಹಾಡಿದವರ ಹೆಸರು ಅವರು ಹೇಳಿದಂತೆಯೇ ಪುಸ್ತಕದ ಮೊದಲ ಪುಟಕ್ಕೂ ನೋಂದಣಿಯ ಅರ್ಜಿಗೂ ಹೋಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನ ಬೇಕಿಲ್ಲ. ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು.